ಬಲ ತಿರುವಿನಲ್ಲಿ ಗಾಡಿ ಹೊರಗೆ ಹೋಗುತ್ತಿದೆ, ಟ್ರ್ಯಾಕ್‌ನಲ್ಲಿ ಕಲಿತರೆ ಸರಿಹೋಗುತ್ತದಾ?

ಘಾಟಿ ಹುಡುಗ 390:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಒಂದು ತಿಂಗಳಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ.

ನನ್ನ ಊರು ಬೆಳ್ತಂಗಡಿ ಪಕ್ಕ, ಕೆಲಸ ಬೆಂಗಳೂರಿನಲ್ಲಿ. ತಿಂಗಳಿಗೊಮ್ಮೆ ಬೈಕಿನಲ್ಲೇ ಊರಿಗೆ ಹೋಗುತ್ತೇನೆ. ಹಾಸನ, ಬೇಲೂರು, ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಇಳಿಯುವುದು ಅಂದರೆ ನನಗೆ ಆ ತಿಂಗಳಲ್ಲೇ ಅತಿ ಖುಷಿಯ ಗಂಟೆ. ಗಾಡಿ ಡ್ಯೂಕ್ 390. ತೆಗೆದುಕೊಂಡು ಮೂರು ವರ್ಷ ಆಯಿತು, 31 ಸಾವಿರ ಕಿಲೋಮೀಟರ್ ಓಡಿದೆ.

ಕಳೆದ ತಿಂಗಳು ಒಂದು ಶನಿವಾರ, ಬೆಳಿಗ್ಗೆ ಒಂಬತ್ತರ ಹೊತ್ತು. ರಸ್ತೆ ಒಣಗಿತ್ತು, ಮಂಜು ಇರಲಿಲ್ಲ. ಘಾಟಿ ಇಳಿಯುವಾಗ ಒಂದು ಬಲ ತಿರುವಿಗೆ ಹೋದೆ. ವೇಗ 50ರ ಆಸುಪಾಸು ಇತ್ತು. ತಿರುವಿನ ನಡುವೆ ಜಾಸ್ತಿ ಆಯಿತು ಅನಿಸಿತು. ಆಕ್ಸಿಲರೇಟರ್ ಪೂರ್ತಿ ಬಿಟ್ಟೆ, ಮುಂದಿನ ಬ್ರೇಕ್ ಹಿಡಿದೆ. ಗಾಡಿ ಎದ್ದು ನಿಂತು ಸೀದಾ ಎಡಗಡೆಯ ತಡೆಗೋಡೆ ಕಡೆ ಹೊರಟಿತು. ಕಣ್ಣಿಗೆ ಆ ಗೋಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಜಲ್ಲಿಯ ಮೇಲೆ ಗೋಡೆಗೆ ಒಂದಡಿ ಬಾಕಿ ಇರುವಾಗ ನಿಂತಿತು. ಬೀಳಲಿಲ್ಲ. ಹಿಂದೆ ಬರುತ್ತಿದ್ದ ಕಾರಿನವರು ನಿಲ್ಲಿಸಿ ನೀರು ಕೊಟ್ಟರು. ಹದಿನೈದು ನಿಮಿಷ ಕೈ ನಡುಗುತ್ತಲೇ ಇತ್ತು.

ಅವತ್ತಿನಿಂದ ಬಲ ತಿರುವು ಬಂದರೆ ಮೈಯೆಲ್ಲ ಬಿಗಿಯುತ್ತದೆ. ಎಡ ತಿರುವಿನಲ್ಲಿ ಅಷ್ಟು ತೊಂದರೆ ಇಲ್ಲ. ನಿಜ ಹೇಳಬೇಕೆಂದರೆ ಮೊದಲಿನಿಂದಲೂ ಬಲಕ್ಕಿಂತ ಎಡವೇ ನನಗೆ ಸುಲಭ. ಘಾಟಿ ಇಳಿದು ಉಜಿರೆ ತಲುಪುವಾಗ ಯಾವಾಗಲೂ ಬಲ ಮುಂಗೈ ನೋಯುತ್ತಿರುತ್ತದೆ, ಅದು ಆಯಾಸ ಅಂದುಕೊಂಡಿದ್ದೆ. ಅಮ್ಮ ಗಾಡಿ ಮಾರು ಅನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ.

ಆಫೀಸಿನ ಇಬ್ಬರು ಗೆಳೆಯರು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ನಲ್ಲಿ ಎರಡು ದಿನದ ತರಬೇತಿಗೆ ಹೋಗುತ್ತಿದ್ದಾರೆ, ನೀನೂ ಬಾ ಅಂತ ಕರೆಯುತ್ತಿದ್ದಾರೆ. ಫೀಸು ನನ್ನ ಸಂಬಳಕ್ಕೆ ಸಣ್ಣ ಮೊತ್ತ ಅಲ್ಲ. ಟ್ರ್ಯಾಕ್‌ನಲ್ಲಿ ಕಲಿತದ್ದು ಘಾಟಿಯಲ್ಲಿ ಉಪಯೋಗಕ್ಕೆ ಬರುತ್ತದಾ, ಇಲ್ಲ ಸುಮ್ನೆ ಜೋರಾಗಿ ಓಡಿಸುವ ಚಟ ಹತ್ತುತ್ತದಾ? ಬಲ ತಿರುವೇ ಯಾಕೆ ಕಷ್ಟ? ಅಲ್ಲಿಗೆ ಹೋಗುವ ಮೊದಲು ಇಲ್ಲೇ ಏನು ಅಭ್ಯಾಸ ಮಾಡಬಹುದು? ತಿಳಿದವರು ಹೇಳಿ.

ಬಸವನಗುಡಿ ಸವಾರ:

ಮೊದಲು ಗಾಡಿ ನೋಡಿ, ಆಮೇಲೆ ನಿಮ್ಮನ್ನು ನೋಡಿಕೊಳ್ಳಿ. 31 ಸಾವಿರದಲ್ಲಿ ಟೈರ್ ಎಷ್ಟು ಸಲ ಬದಲಾಯಿಸಿದ್ದೀರಿ? ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಹಳೆಯದಾದರೆ ರಬ್ಬರ್ ಗಟ್ಟಿಯಾಗಿರುತ್ತದೆ, ಟೈರಿನ ಗೀರು ಆಳ ಇದ್ದರೂ ಹಿಡಿತ ಇರುವುದಿಲ್ಲ. ನಮ್ಮ ಹೈವೇಯಲ್ಲಿ ಓಡಿ ಓಡಿ ಹಿಂದಿನ ಟೈರು ನಡುವೆ ಚಪ್ಪಟೆಯಾಗುತ್ತದೆ. ಆಗ ಬಾಗಿಸುವಾಗ ಆ ಅಂಚು ದಾಟುವ ಹೊತ್ತಿಗೆ ಗಾಡಿ ಥಟ್ಟನೆ ಬಿದ್ದ ಹಾಗೆ ಅನಿಸುತ್ತದೆ, ಭಯ ಅಲ್ಲೇ ಶುರು. ಗಾಳಿ ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿಸಿ. ಮುಂದಿನ ಚಕ್ರ ನೆಲದಿಂದ ಎತ್ತಿ ನಿಲ್ಲಿಸಿ ಹ್ಯಾಂಡಲ್ ತಿರುಗಿಸಿ ನೋಡಿ, ನಡುವೆ ಸಿಕ್ಕಿಕೊಂಡ ಹಾಗೆ ಆದರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಇದೆಲ್ಲ ಸರಿ ಇದ್ದರೆ ಉಳಿದದ್ದನ್ನು ಅನುಭವಿಗಳು ಹೇಳುತ್ತಾರೆ.

ಕಾಫಿತೋಟ:

ಬಸವನಗುಡಿಯವರು ಹೇಳಿದ್ದನ್ನು ಮೊದಲು ಮಾಡಿ. ಆಮೇಲೆ ಇದನ್ನು ನಿಧಾನಕ್ಕೆ ಓದಿ.

ನನಗೆ 47. ಆಲ್ದೂರು ಕಡೆ ಸಣ್ಣ ತೋಟ ಇದೆ. ಪಿಯುಸಿಯಲ್ಲಿದ್ದಾಗ ಚಿಕ್ಕಪ್ಪನ ಆರ್‌ಎಕ್ಸ್ 100ರಲ್ಲಿ ಕಲಿತವನು, ಇಪ್ಪತ್ತೈದು ವರ್ಷ ಘಾಟಿಯಲ್ಲೇ ಓಡಿಸಿದೆ. 43ನೇ ವಯಸ್ಸಿನಲ್ಲಿ ಆರ್15 ತೆಗೆದುಕೊಂಡು ನೀವು ಹೇಳುತ್ತಿರುವ ಅದೇ ಟ್ರ್ಯಾಕ್‌ಗೆ ಕಲಿಯಲು ಹೋದೆ. ಮಗನ ವಯಸ್ಸಿನ ಹುಡುಗರ ಜೊತೆ ಕ್ಲಾಸಿನಲ್ಲಿ ಕೂತೆ. ಅಲ್ಲಿ ಗೊತ್ತಾಗಿದ್ದು ಏನೆಂದರೆ, ಅಷ್ಟು ವರ್ಷ ನಾನು ಬೀಳದೆ ಬಂದದ್ದು ನಿಧಾನಕ್ಕೆ ಹೋಗುತ್ತಿದ್ದರಿಂದ. ತಿರುಗಿಸಲು ಬರುತ್ತಿದ್ದರಿಂದ ಅಲ್ಲ.

ನಿಮ್ಮ ಬರಹದಲ್ಲಿ ಎರಡು ಕಡೆ ಉತ್ತರ ನೀವೇ ಕೊಟ್ಟಿದ್ದೀರಿ. ಕಣ್ಣಿಗೆ ಗೋಡೆ ಬಿಟ್ಟು ಬೇರೇನೂ ಕಾಣಲಿಲ್ಲ ಅಂದಿದ್ದೀರಿ. ಬಲ ಮುಂಗೈ ನೋಯುತ್ತದೆ ಅಂದಿದ್ದೀರಿ.

ಮುಂಗೈಯಿಂದ ಶುರು ಮಾಡುತ್ತೇನೆ. ಗಾಡಿ ಬಲಕ್ಕೆ ಬಾಗಬೇಕಾದರೆ ಬಲಗಡೆಯ ಹ್ಯಾಂಡಲನ್ನು ಮುಂದಕ್ಕೆ ತಳ್ಳಬೇಕು. ಕೇಳಿದರೆ ಉಲ್ಟಾ ಅನಿಸುತ್ತದೆ. ಖಾಲಿ ನೇರ ರಸ್ತೆಯಲ್ಲಿ 40ರಲ್ಲಿ ಹೋಗುತ್ತಾ ಬಲ ಅಂಗೈಯಿಂದ ಚೂರು ತಳ್ಳಿ ನೋಡಿ, ಗಾಡಿ ಬಲಕ್ಕೇ ವಾಲುತ್ತದೆ. ನೀವು ಇದನ್ನು ಗೊತ್ತಿಲ್ಲದೆ ದಿನಾ ಮಾಡುತ್ತಿದ್ದೀರಿ. ಆದರೆ ಹೆದರಿದಾಗ ಎರಡೂ ತೋಳು ಬಿಗಿಯುತ್ತವೆ. ಬಲಗೈ ತಳ್ಳುತ್ತದೆ, ಎಡಗೈ ಬಿಡುವುದಿಲ್ಲ. ಗಾಡಿ ಪಾಪ ಯಾರ ಮಾತು ಕೇಳಬೇಕು?

ಬಲ ತಿರುವೇ ಯಾಕೆ ಕಷ್ಟ ಅಂದರೆ ಆಕ್ಸಿಲರೇಟರ್ ಇರುವುದು ಬಲಗೈಯಲ್ಲಿ. ಅದೇ ಕೈ ಹ್ಯಾಂಡಲ್ ತಳ್ಳಬೇಕು, ಅದೇ ಕೈ ಆಕ್ಸಿಲರೇಟರನ್ನು ಅಲುಗದ ಹಾಗೆ ಹಿಡಿಯಬೇಕು, ಬ್ರೇಕಿಗೂ ಅದೇ ಕೈ. ಮುಷ್ಟಿ ಕಟ್ಟಿ ಗಟ್ಟಿ ಹಿಡಿದರೆ ಮೊಣಕೈ ಬೆನ್ನಿನ ಕಡೆ ಸಿಕ್ಕಿಕೊಳ್ಳುತ್ತದೆ, ತಳ್ಳಲು ಜಾಗವೇ ಇರುವುದಿಲ್ಲ. ಸ್ಕ್ರೂಡ್ರೈವರ್ ಹಿಡಿದ ಹಾಗೆ ಸ್ವಲ್ಪ ಓರೆಯಾಗಿ ಹಿಡಿಯಿರಿ. ಮೊಣಕೈ ತಾನಾಗಿ ಹೊರಗೆ ಬಂದು ಸಡಿಲವಾಗುತ್ತದೆ. ಮೈಯ ಭಾರ ಕೈ ಮೇಲೆ ಬೀಳದೆ ಇರಬೇಕೆಂದರೆ ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿಯಬೇಕು. ಇಳಿಜಾರಿನಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಪ್ರತಿ ಸಲ ಬ್ರೇಕ್ ಹಿಡಿದಾಗಲೂ ಮೈ ಮುಂದಕ್ಕೆ ಜಾರಿ ಪೂರ್ತಿ ಭಾರ ಅಂಗೈ ಮೇಲೆ ಬರುತ್ತದೆ. ನಿಮ್ಮ ನೋವಿಗೆ ಕಾರಣ ಅದೇ ಇರಬೇಕು. ತಿರುವಿನ ನಡುವೆ ಒಂದು ಸಲ ಮೊಣಕೈಗಳನ್ನು ಕೋಳಿ ರೆಕ್ಕೆಯ ಹಾಗೆ ಅಲ್ಲಾಡಿಸಿ ನೋಡಿ. ಅಲ್ಲಾಡದೆ ಹೋದರೆ ನೀವು ಹ್ಯಾಂಡಲಿಗೆ ಜೋತುಬಿದ್ದಿದ್ದೀರಿ ಅಂತ ಅರ್ಥ.

ಇನ್ನು ಕಣ್ಣು. ಅವತ್ತಿನ ತಿರುವನ್ನು ಲೆಕ್ಕ ಹಾಕಿ ನೋಡೋಣ. ತ್ರಿಜ್ಯ 40 ಮೀಟರ್ ಇತ್ತು ಅಂತ ಇಟ್ಟುಕೊಳ್ಳಿ. 50ರ ವೇಗದಲ್ಲಿ ಆ ತಿರುವು ತೆಗೆಯಲು ಗಾಡಿ ಸುಮಾರು 26 ಡಿಗ್ರಿ ಬಾಗಿದರೆ ಸಾಕು. 60 ಆದರೆ 35 ಡಿಗ್ರಿ. ಒಳ್ಳೆ ಟೈರು ಒಣಗಿದ, ಮಣ್ಣಿಲ್ಲದ ಡಾಂಬರಿನ ಮೇಲೆ 40 ಡಿಗ್ರಿಗೂ ಹಿಡಿದು ನಿಲ್ಲುತ್ತದೆ. ಅಂದರೆ 50ರಲ್ಲಿ ಗಾಡಿಗೆ ಇನ್ನೂ ಬಾಗುವ ಶಕ್ತಿ ಇತ್ತು. ನೀವು ಬಾಗಲು ಬಿಡಲಿಲ್ಲ. ಬಾಗಿದ ಗಾಡಿಗೆ ಮುಂದಿನ ಬ್ರೇಕ್ ಹಾಕಿದರೆ ಅದು ಎದ್ದು ನಿಲ್ಲುತ್ತದೆ, ಎದ್ದು ನಿಂತ ಗಾಡಿ ನೇರ ಹೋಗುತ್ತದೆ. ಕಣ್ಣು ಗೋಡೆ ಮೇಲಿದ್ದರೆ ಕೈ ಗೋಡೆ ಕಡೆಗೇ ಒಯ್ಯುತ್ತದೆ. ನಮ್ಮ ತೋಟದ ರಸ್ತೆಯಲ್ಲಿ ಸೈಕಲ್ ಕಲಿಯುವ ಮಕ್ಕಳು ಅಗಲವಾದ ದಾರಿಯಲ್ಲಿ ಇರುವ ಒಂದೇ ಕಲ್ಲಿಗೆ ಹೋಗಿ ಗುದ್ದುತ್ತಾರಲ್ಲ, ಅದೇ ಇದು.

ಟ್ರ್ಯಾಕ್‌ನಲ್ಲಿ ನನಗೆ ಮೊದಲು ಕೊಟ್ಟ ಪಾಠ ಹೇಳುತ್ತೇನೆ. ಇಡೀ ಸೆಷನ್ ಒಂದೇ ಗೇರ್, ಬ್ರೇಕ್ ಮುಟ್ಟುವಂತಿಲ್ಲ. ಆಕ್ಸಿಲರೇಟರ್ ಒಂದರಿಂದಲೇ ವೇಗ ಇಳಿಸಿ, ತಿರುವಿಗೆ ಹೋಗಿ, ಗಾಡಿ ತಿರುಗಿದ ಕೂಡಲೇ ಮೆಲ್ಲಗೆ ಆಕ್ಸಿಲರೇಟರ್ ಕೊಡುತ್ತಾ ಹೊರಗೆ ಬರಬೇಕು. ಬ್ರೇಕ್ ಇಲ್ಲ ಅಂದಾಗ ನೀವು ತಾನಾಗಿ ದೂರ ನೋಡಲು ಶುರು ಮಾಡುತ್ತೀರಿ. ಬೇರೆ ದಾರಿ ಇಲ್ಲ. ಮೂರನೇ ಸುತ್ತಿನಲ್ಲಿ ನನಗೆ ಒಂದು ವಿಷಯ ಹೊಳೆಯಿತು. ತಿರುವಿನ ಒಳಗೆ ನಾನು ಪಡುತ್ತಿದ್ದ ಎಲ್ಲ ಗಾಬರಿಗೂ ಕಾರಣ ತಿರುವಿನ ಹೊರಗೇ ಇತ್ತು. ವೇಗ ಎಷ್ಟಿರಬೇಕು ಅನ್ನುವುದನ್ನು ನಾನು ತಿರುವಿಗೆ ಮೊದಲೇ ತೀರ್ಮಾನ ಮಾಡುತ್ತಲೇ ಇರಲಿಲ್ಲ. ಒಳಗೆ ಹೋಗಿ ಯೋಚನೆ ಮಾಡುತ್ತಿದ್ದೆ.

ಮಧ್ಯಾಹ್ನ ಕಲಿಸುವವರು ಪಿಟ್ (ಟ್ರ್ಯಾಕ್ ಬದಿಯಲ್ಲಿ ಗಾಡಿ ನಿಲ್ಲಿಸುವ ಜಾಗ) ಪಕ್ಕದ ಮಣ್ಣಿನಲ್ಲಿ ಕಡ್ಡಿಯಿಂದ ತಿರುವು ಬರೆದು ಕೇಳಿದರು, ಇಲ್ಲಿ ಇರುವಾಗ ನಿಮ್ಮ ಕಣ್ಣು ಎಲ್ಲಿತ್ತು? ನಾನು ಮುಂದಿನ ಚಕ್ರದಿಂದ ಹತ್ತಡಿ ಮುಂದೆ ತೋರಿಸಿದೆ. ಅವರು ಕಡ್ಡಿಯನ್ನು ತಿರುವಿನ ಆ ತುದಿಯಲ್ಲಿ ನೆಟ್ಟು ಹೋದರು. ಮುಂದಿನ ಸೆಷನ್‌ನಲ್ಲಿ ಕತ್ತು ತಿರುಗಿಸಿ ಆ ತುದಿ ನೋಡಿದೆ. ವೇಗ ಅಷ್ಟೇ ಇತ್ತು, ಆದರೆ ಎಲ್ಲ ನಿಧಾನಕ್ಕೆ ನಡೆಯುತ್ತಿರುವ ಹಾಗೆ ಅನಿಸಿತು. ಆ ಅನುಭವವನ್ನು ಯಾರು ಎಷ್ಟು ಬರೆದು ಹೇಳಿದರೂ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಹೋಗಿ ಅನ್ನುತ್ತೇನೆ. ಎದುರು ಬಸ್ಸಿಲ್ಲ, ದನ ಇಲ್ಲ, ಅದೇ ತಿರುವು ಒಂದು ದಿನದಲ್ಲಿ ಹತ್ತಾರು ಸಲ ಬರುತ್ತದೆ. ತಪ್ಪು ಮಾಡಿದರೆ ಎರಡೂವರೆ ನಿಮಿಷದಲ್ಲಿ ತಿದ್ದಿಕೊಳ್ಳಲು ಮತ್ತೆ ಅವಕಾಶ. ಚಾರ್ಮಾಡಿಯಲ್ಲಿ ಅದೇ ತಿರುವು ನಿಮಗೆ ತಿಂಗಳಿಗೆ ಒಂದು ಸಲ ಸಿಗುತ್ತದೆ.

ಚಟದ ಭಯ ಸರಿಯಾದ ಭಯವೇ. ಟ್ರ್ಯಾಕ್‌ನಲ್ಲಿ ರಸ್ತೆಯ ಪೂರ್ತಿ ಅಗಲ ನಿಮ್ಮದು. ಹೊರ ಅಂಚಿನಿಂದ ಒಳ ಅಂಚಿಗೆ, ಮತ್ತೆ ಹೊರ ಅಂಚಿಗೆ ಹೋಗಬಹುದು. ಘಾಟಿಯಲ್ಲಿ ಅರ್ಧ ರಸ್ತೆ ಮಾತ್ರ ನಿಮ್ಮದು, ಅದರಲ್ಲೂ ಅಂಚಿನ ಎರಡಡಿ ಮರಳು. ಬಲ ತಿರುವಿನಲ್ಲಿ ಇನ್ನೊಂದು ಅಪಾಯ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಚಕ್ರ ನಿಮ್ಮ ಭಾಗದಲ್ಲೇ ಇರುತ್ತದೆ, ಬಾಗಿದ ನಿಮ್ಮ ತಲೆ ಮಾತ್ರ ನಡುಗೆರೆ ದಾಟಿ ಆಚೆ ಇರುತ್ತದೆ. ಎದುರಿನ ಬಸ್ಸು ಗೆರೆಗೆ ತಾಗಿಕೊಂಡು ಬಂದರೆ ಏನಾಗುತ್ತದೆ ಅಂತ ನಾನು ಬರೆಯಬೇಕಿಲ್ಲ. ಅದಕ್ಕೆ ಬಲ ತಿರುವಿನಲ್ಲಿ ಚಕ್ರ ನಡುಗೆರೆಯಿಂದ ಒಂದು ಮಾರು ಎಡಕ್ಕೆ ಇರಲಿ. ತಿರುವಿನ ಕೊನೆ ಕಾಣುವವರೆಗೆ ಒಳಗೆ ಬೀಳಬೇಡಿ.

ಕೊನೆ ಎಲ್ಲಿದೆ ಅಂತ ಗೊತ್ತಾಗುವುದು ಹೇಗೆ? ಮುಂದೆ ರಸ್ತೆಯ ಎರಡೂ ಅಂಚು ಕೂಡಿದ ಹಾಗೆ ಕಾಣುವ ಜಾಗವನ್ನು ನೋಡುತ್ತಾ ಹೋಗಿ. ಅದು ನಿಮ್ಮಿಂದ ದೂರ ಓಡುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ. ನಿಂತಲ್ಲೇ ನಿಂತು ಹತ್ತಿರ ಬರುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ವೇಗ ಇಳಿಸಿ. ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಆಗುವ ವೇಗ ಎಷ್ಟೋ ಅದೇ ನಿಮ್ಮ ವೇಗ. ಟ್ರ್ಯಾಕ್‌ನಲ್ಲಿ ಎಷ್ಟು ಹೋಗಿದ್ದಿರಿ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಘಾಟಿ ಹುಡುಗ 390:

ಕಾಫಿತೋಟ ಅಣ್ಣ, ನಿಮ್ಮ ಉತ್ತರವನ್ನು ಮೂರು ಸಲ ಓದಿದೆ. ಮೊಣಕೈ ವಿಷಯ ಇವತ್ತು ಸಂಜೆಯೇ ನೋಡಿದೆ, ಬಲ ಮೊಣಕೈ ಅಲ್ಲಾಡಲೇ ಇಲ್ಲ. ಬಸವನಗುಡಿ ಸರ್, ಹಿಂದಿನ ಟೈರ್ ನೀವು ಹೇಳಿದ ಹಾಗೆ ಚಪ್ಪಟೆ ಆಗಿದೆ, ಬದಲಾಯಿಸಲು ಹೇಳಿದ್ದೇನೆ.

ಇನ್ನೊಂದು ಕೇಳಬೇಕು. ಬ್ರೇಕ್ ಹೇಗೆ ಅಭ್ಯಾಸ ಮಾಡುವುದು? ಚಿಕ್ಕಂದಿನಿಂದ ಮನೆಯಲ್ಲಿ ಮುಂದಿನ ಬ್ರೇಕ್ ಮುಟ್ಟಬೇಡ, ಬೀಳುತ್ತೀಯ ಅಂತ ಹೇಳಿಯೇ ಬೆಳೆಸಿದ್ದಾರೆ. ಯೂಟ್ಯೂಬ್‌ನಲ್ಲಿ ತಿರುವಿನ ಒಳಗೂ ಬ್ರೇಕ್ ಹಿಡಿದುಕೊಂಡೇ ಹೋಗುವುದನ್ನು ತೋರಿಸುತ್ತಾರೆ. ಯಾವುದು ಸರಿ?

ದೇವಿಮನೆ:

ಬ್ರೇಕ್ ಬಗ್ಗೆ ನಾನು ಹೇಳುತ್ತೇನೆ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಶಿರಸಿ ಕಡೆಯವಳು. ಹನ್ನೊಂದು ವರ್ಷದಿಂದ ದೇವಿಮನೆ ಘಟ್ಟ ಹತ್ತಿ ಇಳಿಯುತ್ತಿದ್ದೇನೆ, ಮಳೆಗಾಲವೂ ಸೇರಿ.

ಮುಂದಿನ ಬ್ರೇಕ್ ಮುಟ್ಟಬೇಡ ಅಂತ ನನಗೂ ನಮ್ಮ ಅಪ್ಪ ಹೇಳಿದ್ದರು. ಅವರು ನೋಡಿದ ಬಿದ್ದವರೆಲ್ಲ ಹ್ಯಾಂಡಲ್ ತಿರುಗಿಸಿಕೊಂಡು, ಜಲ್ಲಿ ಮೇಲೆ, ಗಬಕ್ಕನೆ ಹಿಡಿದವರು. ತಪ್ಪು ಬ್ರೇಕಿನದಲ್ಲ. ಬ್ರೇಕ್ ಹಾಕಿದ ಕೂಡಲೇ ಭಾರ ಮುಂದಿನ ಚಕ್ರಕ್ಕೆ ಹೋಗುತ್ತದೆ, ಹಿಂದಿನದು ಹಗುರ ಆಗುತ್ತದೆ. ಹಗುರಾದ ಚಕ್ರ ಏನು ನಿಲ್ಲಿಸೀತು? ಜೋರಾಗಿ ನಿಲ್ಲಿಸಬೇಕಾದಾಗ ಬಹುಪಾಲು ಕೆಲಸ ಮುಂದಿನ ಚಕ್ರದ್ದೇ. ಆದರೆ ಭಾರ ಬಂದು ಕೂರುವ ಮೊದಲೇ ಪೂರ್ತಿ ಹಿಡಿದರೆ ಚಕ್ರ ಕಚ್ಚಿಕೊಳ್ಳುತ್ತದೆ. ಹಸು ಕರೆದು ಗೊತ್ತಿದ್ದರೆ ಸುಲಭವಾಗಿ ಹೇಳಬಹುದು. ಮೊದಲು ಮೆಲ್ಲಗೆ ಹಿಡಿತ ಸಿಗಬೇಕು, ಆಮೇಲೆ ಒತ್ತಡ ಏರುತ್ತಾ ಹೋಗಬೇಕು. ಎಳೆದರೆ ಹಸು ಒದೆಯುತ್ತದೆ.

ಅಭ್ಯಾಸಕ್ಕೆ ಮನೆ ಕಟ್ಟದ ಹೊಸ ಲೇಔಟ್ ಹುಡುಕಿ, ಭಾನುವಾರ ಬೆಳಿಗ್ಗೆ ಆರಕ್ಕೆ ಹೋಗಿ. ಜೊತೆಗೆ ಒಬ್ಬರು ಇರಲಿ. ರಸ್ತೆಯನ್ನು ಒಮ್ಮೆ ನಡೆದು ನೋಡಿ, ಮಣ್ಣಿದ್ದರೆ ಗುಡಿಸಿ. ಸೀಮೆಸುಣ್ಣದಲ್ಲಿ ಗೆರೆ ಎಳೆದು 40ರಲ್ಲಿ ಬಂದು ಗೆರೆಯ ಮೇಲೆ ಬ್ರೇಕ್ ಶುರು ಮಾಡಿ. ನಿಂತ ಜಾಗಕ್ಕೆ ಹೆಜ್ಜೆ ಎಣಿಸಿ. ಹತ್ತು ಸಲ. ಹೆಜ್ಜೆ ಕಡಿಮೆ ಆಗುತ್ತಾ ಬರುತ್ತದೆ. ಆಮೇಲೆ 50, ಆಮೇಲೆ 60. ಚೆನ್ನಾಗಿ ಬ್ರೇಕ್ ಹಿಡಿದರೆ 60ರಿಂದ ನಿಲ್ಲಲು ಸುಮಾರು 20 ಮೀಟರ್ ಬೇಕು, 80ರಿಂದ ಸುಮಾರು 36. ವೇಗ ದುಪ್ಪಟ್ಟಾದರೆ ದೂರ ನಾಲ್ಕು ಪಟ್ಟು. ಇದು ಬ್ರೇಕ್ ಹಿಡಿದ ಮೇಲಿನ ದೂರ ಮಾತ್ರ. ನೋಡಿ, ಅರ್ಥ ಆಗಿ, ಕೈ ಲಿವರ್‌ಗೆ ಹೋಗಲು ಒಂದು ಸೆಕೆಂಡ್ ತೆಗೆದುಕೊಂಡರೆ 60ರಲ್ಲಿ ಇನ್ನೂ 17 ಮೀಟರ್ ಹೋಗಿರುತ್ತೀರಿ. ಅದಕ್ಕೆ ಘಟ್ಟದಲ್ಲಿ ಎರಡು ಬೆರಳು ಯಾವಾಗಲೂ ಲಿವರ್ ಮೇಲೆ ಇರಲಿ.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಗಾಡಿಗೂ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ, ನಿಮ್ಮದಕ್ಕೂ ಇದೆ. ಆದರೆ ಅದು ಕೆಲಸ ಮಾಡುವಾಗ ಲಿವರ್ ಬೆರಳಿಗೆ ಟಕಟಕ ಬಡಿಯುವುದನ್ನು ಒಮ್ಮೆಯಾದರೂ ಅನುಭವಿಸಿದ್ದೀರಾ? ಇಲ್ಲದಿದ್ದರೆ ಅಪಾಯದ ಹೊತ್ತಲ್ಲಿ ಹೆದರಿ ಬ್ರೇಕ್ ಬಿಟ್ಟುಬಿಡುತ್ತೀರಿ. ಖಾಲಿ ಜಾಗದಲ್ಲಿ ಮೊದಲು ಹಿಂದಿನ ಬ್ರೇಕಿನಿಂದ ಅದನ್ನು ಎಬ್ಬಿಸಿ ನೋಡಿ. ಬಾಗಿದ ಗಾಡಿಯನ್ನೂ ಅದು ಕಾಪಾಡುತ್ತದೆ ಅಂತ ಮಾತ್ರ ನಂಬಬೇಡಿ. ಟೈರಿನ ಹಿಡಿತ ಒಂದೇ ಕೊಡದ ನೀರು. ತಿರುವಿಗೆ ಸುರಿದಷ್ಟು ಬ್ರೇಕಿಗೆ ಉಳಿಯುವುದಿಲ್ಲ. ತಿರುವಿನೊಳಗೆ ಬ್ರೇಕ್ ಹಿಡಿದು ಹೋಗುವವರು ಬಾಗಿದಷ್ಟೂ ಬ್ರೇಕನ್ನು ಸಡಿಲ ಬಿಡುತ್ತಾ ಹೋಗುತ್ತಾರೆ. ಅದು ಒಳ್ಳೆಯ ವಿದ್ಯೆ, ನಿಮಗೆ ಇವತ್ತಿನ ಪಾಠ ಅಲ್ಲ. ಈಗ ನೇರ ಇರುವಾಗಲೇ ಬ್ರೇಕ್ ಮುಗಿಸಿ, ಸರಿಯಾದ ಗೇರ್ ಹಾಕಿ, ಆಮೇಲೆ ತಿರುಗಿ.

ಲೇಔಟ್‌ನಲ್ಲೇ ಇನ್ನೊಂದು ಕೆಲಸ. ಆರ್‌ಟಿಓದಲ್ಲಿ ಎಂಟು ಹಾಕಿದ್ದಿರಲ್ಲ, ಮತ್ತೆ ಹಾಕಿ. ಪೂರ್ತಿ ಹತ್ತು ನಿಮಿಷ, ಕಾಲು ನೆಲಕ್ಕೆ ಇಡದೆ. ಕ್ಲಚ್ ಅರ್ಧ, ಹಿಂದಿನ ಬ್ರೇಕ್ ಚೂರು, ಕಣ್ಣು ಎಂಟರ ಆ ಕಡೆಗೆ. ನಿಮ್ಮ ಬಲ ಸುತ್ತು ಎಡ ಸುತ್ತಿಗಿಂತ ದೊಡ್ಡದಾಗಿರುತ್ತದೆ, ನೋಡಿ ಬೇಕಾದರೆ. ಎರಡೂ ಸಮ ಆಗುವವರೆಗೆ ಹಾಕಿ.

ಟ್ರ್ಯಾಕ್‌ನಲ್ಲಿ ಸಿಗದ ಪಾಠವೂ ಇದೆ. ಘಟ್ಟದಲ್ಲಿ ಮೀನಿನ ಲಾರಿ ನೀರು ಸೋರಿಸಿಕೊಂಡು ಹೋಗಿರುತ್ತದೆ, ಅದರ ಮೇಲೆ ಚಕ್ರ ಎಣ್ಣೆ ಮೇಲೆ ಹೋದ ಹಾಗೆ ಜಾರುತ್ತದೆ. ವಾಸನೆ ಬಂದ ಕೂಡಲೇ ವೇಗ ಇಳಿಸುವುದನ್ನು ನಾನು ಹೀಗೇ ಕಲಿತದ್ದು. ಹತ್ತುವ ಕಡೆ ಬಿಗಿ ತಿರುವಿನಲ್ಲಿ ತುಂಬಿದ ಟ್ಯಾಂಕಿನ ಡೀಸೆಲ್ ಚೆಲ್ಲಿರುತ್ತದೆ. ಮರದ ನೆರಳಿನಲ್ಲಿ ಪಾಚಿ. ಮೊದಲ ಮಳೆ ಬಿದ್ದ ಅರ್ಧ ಗಂಟೆ ನಿಂತು ಚಹಾ ಕುಡಿಯಿರಿ. ಬಿಗಿ ತಿರುವಿನಲ್ಲಿ ಬಸ್ಸಿಗೆ ಪೂರ್ತಿ ರಸ್ತೆ ಬೇಕಾಗುತ್ತದೆ, ಅದು ಡ್ರೈವರ್ ತಪ್ಪಲ್ಲ, ಗಾಡಿಯ ಉದ್ದ ಅಷ್ಟಿದೆ. ತಿರುವಿಗೆ ಮೊದಲೇ ನಿಂತು ಬಿಟ್ಟುಕೊಡಿ.

ಜಲ್ಲಿಯ ಭಯ ಹೋಗಬೇಕೆಂದರೆ ಮಣ್ಣಿನಲ್ಲೂ ಒಂದು ದಿನ ಕಲಿಯಿರಿ. 2015ರಲ್ಲಿ, ಮರಳುಗಾಡಿನಲ್ಲಿ ದಿನಗಟ್ಟಲೆ ನಡೆಯುವ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. ಕೋಲಾರದ ಹತ್ತಿರ ಅವರು ಶುರು ಮಾಡಿದ, ಮಣ್ಣಿನ ಸವಾರಿ ಕಲಿಸುವ ಬಿಗ್ ರಾಕ್‌ಗೆ ನಾನು ಹೋಗಿದ್ದೆ. ಹಿಂದಿನ ಚಕ್ರ ಜಾರಿದ ಕೂಡಲೇ ಮೈ ಬಿಗಿಯುವ ಅಭ್ಯಾಸ ನನಗೆ ಅಲ್ಲೇ ಬಿಟ್ಟದ್ದು.

ಕಾಫಿತೋಟ:

ದೇವಿಮನೆ ಮೇಡಂ ಹೇಳಿದ್ದರಲ್ಲಿ ಒಂದಕ್ಷರ ಬದಲಿಸುವುದಿಲ್ಲ. ಟ್ರ್ಯಾಕ್‌ಗೆ ಹೊರಡುವುದಾದರೆ ಇಷ್ಟು ತಿಳಿದಿರಲಿ.

ಬೆಂಗಳೂರಿನಿಂದ ಹೆಚ್ಚೂಕಡಿಮೆ 300 ಕಿಲೋಮೀಟರ್. ಕೃಷ್ಣಗಿರಿ, ವೆಲ್ಲೂರು ದಾಟಿದ ಮೇಲೆ ಶ್ರೀಪೆರಂಬದೂರಿನ ಆಚೆ ಹೆದ್ದಾರಿ ಪಕ್ಕದಲ್ಲೇ ಇದೆ. ಹಿಂದೆ ಶೋಲಾವರಂನ ಹಳೇ ವಿಮಾನ ಪಟ್ಟಿಯ ಮೇಲೆ ರೇಸ್ ನಡೆಸುತ್ತಿದ್ದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1990ರಲ್ಲಿ ಇದನ್ನು ತೆರೆಯಿತು. ಸುತ್ತು 3.7 ಕಿಲೋಮೀಟರ್, 12 ತಿರುವು, ಬಲ ಎಡ ಎರಡೂ ಇವೆ. ನಿಮಗೆ ಅದೇ ಬೇಕಾಗಿರುವುದು. ಎರಡನೇ ದಿನ ಸಂಜೆ ಗಾಡಿ ಓಡಿಸಿಕೊಂಡು ವಾಪಸ್ ಬರಬೇಡಿ. ಮೈ ಸೋತಿರುತ್ತದೆ, ಮನಸ್ಸು ಇನ್ನೂ ಟ್ರ್ಯಾಕ್‌ನಲ್ಲೇ ಇರುತ್ತದೆ. ಮೂವರು ಸೇರಿ ಒಂದು ಪಿಕಪ್ ಗಾಡಿ ಮಾತಾಡಿಕೊಳ್ಳಿ, ಇಲ್ಲ ಅಲ್ಲೇ ಮಲಗಿ ಮರುದಿನ ಹೊರಡಿ.

ಚರ್ಮದ ಸೂಟ್, ಬೂಟು, ಗ್ಲೌಸ್, ಬೆನ್ನಿನ ರಕ್ಷಣೆ ಇಲ್ಲದೆ ಒಳಗೆ ಬಿಡುವುದಿಲ್ಲ. ಬಾಡಿಗೆಗೆ ಸಿಗುತ್ತದಾ ಅಂತ ಮೊದಲೇ ಕೇಳಿ, ಒಂದು ಸಲಕ್ಕೆ ಕೊಳ್ಳುವುದು ಬೇಡ. ಕನ್ನಡಿ ಬಿಚ್ಚಿ, ಲೈಟಿಗೆ ಟೇಪ್ ಹಾಕಿ. ಹಳದಿ ಬಾವುಟ ಕಂಡರೆ ಮುಂದೆ ಅಪಾಯ, ಯಾರನ್ನೂ ಹಿಂದೆ ಹಾಕುವಂತಿಲ್ಲ. ಕೆಂಪು ಅಂದರೆ ಸೆಷನ್ ನಿಂತಿದೆ. ಕಪ್ಪು ನಿಮಗೆ ತೋರಿಸಿದರೆ ನೀವು ಪಿಟ್‌ಗೆ ಬರಬೇಕು. ನಿಮ್ಮ ವಿಮೆಯ ಪತ್ರ ಓದಿಕೊಳ್ಳಿ, ರೇಸ್ ಮತ್ತು ವೇಗದ ಪರೀಕ್ಷೆಗೆ ಮಾಮೂಲಿ ವಿಮೆ ಅನ್ವಯ ಆಗುವುದಿಲ್ಲ. ಬಿದ್ದರೆ ರಿಪೇರಿ ಖರ್ಚು ನಿಮ್ಮದೇ ಅಂತ ಲೆಕ್ಕ ಇಟ್ಟುಕೊಂಡೇ ಹೋಗಿ. ಚೆನ್ನೈ ಸೆಖೆಯಲ್ಲಿ ಚರ್ಮದ ಸೂಟ್ ಒಳಗೆ ಬೆವರು ಹೊಳೆಯಾಗಿ ಹರಿಯುತ್ತದೆ. ಉಪ್ಪು ಸಕ್ಕರೆ ಹಾಕಿದ ನೀರು ಆಗಾಗ ಕುಡಿಯಿರಿ. ನೀರು ಕಡಿಮೆ ಆದರೆ ಗಮನ ಮಂಕಾಗುತ್ತದೆ.

ಗೆಳೆಯರು ನಿಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ ಬಿಡಿ. ಫೋನಿನಲ್ಲಿ ಸುತ್ತಿನ ಸಮಯ ಅಳೆಯಬೇಡಿ. ಒಂದು ಸೆಷನ್‌ಗೆ ಒಂದೇ ವಿಷಯ, ಮೊದಲನೆಯದು ಬರೀ ಕಣ್ಣು, ಎರಡನೆಯದು ಬರೀ ಮೊಣಕೈ. ಎಲ್ಲವನ್ನೂ ಒಟ್ಟಿಗೆ ಮಾಡಲು ಹೋದರೆ ಯಾವುದೂ ಕೈಗೆ ಹತ್ತುವುದಿಲ್ಲ.

ಘಾಟಿ ಹುಡುಗ 390:

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಹೋಗಿ ಬಂದೆ.

ಅದಕ್ಕೆ ಮೊದಲು ಐದು ಭಾನುವಾರ ಕೆಂಗೇರಿ ಆಚೆಯ ಒಂದು ಲೇಔಟ್‌ನಲ್ಲಿ ತಮ್ಮನ ಜೊತೆ ಅಭ್ಯಾಸ ಮಾಡಿದೆ. ಮೊದಲ ದಿನ 40ರಿಂದ ನಿಲ್ಲಲು 19 ಹೆಜ್ಜೆ, ಐದನೇ ವಾರ 12. ಎಬಿಎಸ್ ಬಡಿಯುವುದು ಮೊದಲ ಸಲ ಗೊತ್ತಾಯಿತು, ಅಕ್ಕ ಹೇಳಿದ ಹಾಗೆ ಹೆದರಿ ಬ್ರೇಕ್ ಬಿಟ್ಟೇಬಿಟ್ಟೆ. ಎಂಟು ಹಾಕಿದಾಗ ಬಲ ಸುತ್ತು ಎಡದ್ದಕ್ಕಿಂತ ಎರಡು ಹೆಜ್ಜೆ ದೊಡ್ಡದಿತ್ತು. ಅದು ಸಮ ಆಗಲು ಮೂರು ವಾರ ಬೇಕಾಯಿತು.

ಟ್ರ್ಯಾಕ್‌ನಲ್ಲಿ ಮೊದಲ ದಿನ ಬಲ ತಿರುವುಗಳಲ್ಲಿ ಮತ್ತೆ ಅದೇ ಬಿಗಿತ. ಮೂರನೇ ಸೆಷನ್‌ನಲ್ಲಿ ಮೊಣಕೈ ಒಂದನ್ನೇ ನೆನಪಿಟ್ಟುಕೊಂಡೆ. ಒಂದು ಬಲ ತಿರುವಿನಲ್ಲಿ ಮೊದಲ ಸಲ ಗಾಡಿ ತಾನೇ ತಿರುಗಿದ ಹಾಗೆ ಅನಿಸಿತು, ನಾನು ಬರೀ ಅಡ್ಡ ಬರದೆ ಕೂತಿದ್ದೆ. ಹೆಲ್ಮೆಟ್ ಒಳಗೆ ಜೋರಾಗಿ ಕೂಗಿದೆ. ಎರಡನೇ ದಿನ ಒಮ್ಮೆ ವೇಗ ಜಾಸ್ತಿ ಆಗಿ ಹೊರಗಿನ ಅಂಚು ಹತ್ತಿರ ಬಂತು. ಬ್ರೇಕ್ ಕಡೆ ಬೆರಳು ಹೋಯಿತು, ಹಿಡಿಯಲಿಲ್ಲ. ತಿರುವಿನ ತುದಿ ನೋಡಿ ಬಲಗೈ ಇನ್ನೂ ಸ್ವಲ್ಪ ತಳ್ಳಿದೆ. ಗಾಡಿ ಬಾಗಿತು, ಒಳಗೇ ಉಳಿಯಿತು. ಅಣ್ಣ ಹೇಳಿದ 26 ಡಿಗ್ರಿ, 35 ಡಿಗ್ರಿ ಆ ಕ್ಷಣದಲ್ಲಿ ಅರ್ಥ ಆಯಿತು.

ಮೊನ್ನೆ ಶನಿವಾರ ಊರಿಗೆ ಹೋದೆ. ಕೊಟ್ಟಿಗೆಹಾರದಲ್ಲಿ ದೋಸೆ ತಿನ್ನುವಾಗ ಹೊಟ್ಟೆಯಲ್ಲಿ ಕಸಿವಿಸಿ ಇತ್ತು. ಮಂಜು ಇತ್ತು, ರಸ್ತೆ ಒದ್ದೆ. ಎರಡನೇ ಗೇರಿನಲ್ಲಿ ನಿಧಾನಕ್ಕೆ ಇಳಿದೆ. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ನಿಲ್ಲಿಸಿ ಕೈ ಮುಗಿದೆ. ಆ ತಿರುವು ಬಂದಾಗ 30ರಲ್ಲಿದ್ದೆ. ಬ್ರೇಕ್ ಮೊದಲೇ ಮುಗಿದಿತ್ತು, ಚಕ್ರ ನಡುಗೆರೆಯಿಂದ ದೂರ ಇತ್ತು. ಎದುರಿಗೆ ನಿಜವಾಗಿಯೂ ಒಂದು ಬಸ್ಸು ಗೆರೆ ಮೇಲೆಯೇ ಬಂತು. ನನ್ನ ತಲೆ ಅಲ್ಲಿರಲಿಲ್ಲ. ಗೋಡೆ ನೋಡಿದ ನೆನಪೇ ಇಲ್ಲ.

ಅಮ್ಮನಿಗೆ ಸೀಮೆಸುಣ್ಣದ ಗೆರೆ, ಹೆಜ್ಜೆ ಲೆಕ್ಕ ಎಲ್ಲ ಹೇಳಿದೆ. ಗಾಡಿ ಮಾರುವ ಮಾತು ಈ ಸಲ ಎತ್ತಲಿಲ್ಲ. ಡಿಸೆಂಬರ್‌ನಲ್ಲಿ ಕೋಲಾರಕ್ಕೆ ಹೋಗುವ ಯೋಚನೆ ಇದೆ. ದೇವಿಮನೆ ಅಕ್ಕ, ಅಲ್ಲಿ ಅವರ ಗಾಡಿ ಕೊಡುತ್ತಾರಾ, ನಮ್ಮದೇ ಒಯ್ಯಬೇಕಾ?

ಹೇಳಲು ಮರೆತೆ. ಉಜಿರೆಯಲ್ಲಿ ಇಳಿದು ಹೆಲ್ಮೆಟ್ ತೆಗೆದಾಗ ಮುಂಗೈ ನೋಯುತ್ತಿರಲಿಲ್ಲ.